ಹೇಗಾದರೂ ಸರಿ

“ಗುರುಗಳೇ, ಕಂಪೈಲರ್ ಒಂದು ತಕರಾರೂ ಎತ್ತುತ್ತಿಲ್ಲ. ಆದರೂ ಬಟನ್ ಒತ್ತಿದರೆ ವಿಂಡೋ ಕುಸಿದು ಬೀಳುತ್ತದೆ. ತಪ್ಪು ಹೊಸ ಭಾಷೆಯದೋ, ಹಳೆಯ ಲೈಬ್ರರಿಯದೋ?” ಎಂದು ನಿಜಗುಣ ಕೇಳಿದ.

ತೆರೆಯ ಮೇಲೆ ಬಟನ್ನು, ವಿಂಡೋಗಳನ್ನು ಮೂಡಿಸುವ ಸಿದ್ಧ ಕೋಡಿನ ಕಂತೆ ಆ ಲೈಬ್ರರಿ; ಅದನ್ನು ಮೂವತ್ತು ವರ್ಷದ ಹಿಂದೆ ಗುರುಗಳೇ ಮೂವರು ಗೆಳೆಯರೊಂದಿಗೆ ಬರೆದಿದ್ದರು. ಅದನ್ನು ಕಟ್ಟುನಿಟ್ಟಿನ ಹೊಸ ಪ್ರೋಗ್ರಾಮಿಂಗ್ ಭಾಷೆಗೆ ಹೊಂದಿಸುವ ಕೆಲಸ ನಿಜಗುಣನದು. ಪ್ರತಿಯೊಂದೂ ಯಾವ ಬಗೆಯದೆಂದು ಮೊದಲೇ ಹೇಳದಿದ್ದರೆ ಆ ಭಾಷೆಯ ಕೋಡನ್ನು ತಪಾಸಣೆ ಮಾಡುವ ಕಂಪೈಲರ್ ಹೆಜ್ಜೆ ಮುಂದಿಡಲು ಬಿಡುವುದಿಲ್ಲ. ಅದು ಕೇಳಿ ಕೇಳಿ ತಲೆ ತಿಂದಾಗ ಅವನು ಎಲ್ಲ ಕಡೆ ‘ಯಾವುದಾದರೂ ಸರಿ’ ಎಂದು ಬರೆದು ಬಾಯಿ ಮುಚ್ಚಿಸಿದ್ದ. ವಾರದೊಳಗೆ ಕೆಲಸ ಮುಗಿಯದಿದ್ದರೆ ಲೈಬ್ರರಿಯನ್ನೇ ಕೈಬಿಡುವುದೆಂದು ತೀರ್ಮಾನವಾಗಿತ್ತು. ಅದನ್ನು ನೆನೆದರೆ ಅವನಿಗೆ ಸಂಕಟ. ಅವನು ಪ್ರೋಗ್ರಾಮಿಂಗಿನ ಮೊದಲ ಅಕ್ಷರ ಕಲಿತದ್ದೇ ಅದರಲ್ಲಿ.

ಗುರುಗಳು ತೆರೆಯ ಮೇಲಿನ ಬೂದು ಬಟನ್ನನ್ನು ಬಹಳ ಹೊತ್ತು ನೋಡಿದರು. ಆಗ ನಾಲ್ವರೂ ಒಂದೇ ಯಂತ್ರದ ಮುಂದೆ ಕೂರುತ್ತಿದ್ದೆವು, ಯಾವುದಕ್ಕೆ ಏನು ಬೇಕೆಂದು ಬರೆದಿಡಲೇ ಇಲ್ಲ, ಎಲ್ಲ ಕೈಗೇ ಗೊತ್ತಿತ್ತು ಎಂದರು. ಆಮೇಲೆ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಮಣ್ಣಿನ ಮನೆ ಕೆಡವಿ ಕಲ್ಲಿನ ಮನೆ ಕಟ್ಟಿಸಿದ. ಹಳೆಯ ಕಿಟಕಿಗಳೆಂದರೆ ಅವನಿಗೆ ಪ್ರಾಣ. ಹೊಸ ಗೋಡೆಗೂ ಅವೇ ಬರಬೇಕೆಂದ. ಗೋಡೆ ಕಟ್ಟುವವನದೊಂದು ಪದ್ಧತಿಯಿತ್ತು. ಯಾವ ಕದ ಎತ್ತ ತೆರೆಯುತ್ತದೆ, ಎಷ್ಟು ಜಾಗ ಬೇಡುತ್ತದೆ ಎಂದು ಕಿಟಕಿ ಕೂರಿಸುವ ಬಡಗಿ ಚೌಕಟ್ಟಿನ ಮೇಲೆ ಬರೆದುಕೊಡದೆ ಅವನು ಒಂದು ಕಲ್ಲನ್ನೂ ಇಡುವವನಲ್ಲ. ಬಡಗಿಗೆ ಬೇಸರ ಬಂತು. ಎಲ್ಲದರ ಮೇಲೂ ‘ಹೇಗಾದರೂ ಸರಿ’ ಎಂದು ಸುಣ್ಣದಲ್ಲಿ ಗೀಚಿದ. ಗೋಡೆ ಎದ್ದಿತು. ಮೊದಲ ಗಾಳಿಗೆ ವ್ಯಾಪಾರಿ ಕಿಟಕಿ ಮುಚ್ಚಲು ಹೋದ. ಕದ ಕಲ್ಲಿಗೆ ಸಿಕ್ಕಿ ಸೀಳಿಹೋಯಿತು. ಅಷ್ಟು ದೊಡ್ಡ ಮನುಷ್ಯ ಅತ್ತುಬಿಟ್ಟ.

ಆ ಕದಗಳನ್ನು ನಲವತ್ತು ವರ್ಷ ತೆರೆದು ಮುಚ್ಚಿದ ಕೆಲಸದ ಮುದುಕಿ ಅಂಗಳದಲ್ಲೇ ಕೂತಿದ್ದಳು. “ಅದನ್ನ ಒಂಚೂರು ಮೇಲಕ್ಕೆತ್ತಿ ಎಳೀಬೇಕು ಬುದ್ಧಿ. ಮೇಲುಗಡೆ ಎರಡು ಬೆರಳು ಜಾಗ ಬಿಡಬೇಕಿತ್ತು,” ಎಂದಳು.

ಮೊದಲೇ ಯಾಕೆ ಹೇಳಲಿಲ್ಲವೆಂದು ವ್ಯಾಪಾರಿ ಗದರಿದ.

“ಗೋಡೆ ಕಟ್ಟೋನು ಪಾಪ ಕೇಳ್ತಾನೇ ಇದ್ದ. ನನ್ನನ್ನ ಯಾರು ಕೇಳಿದ್ರು?” ಎಂದಳು ಮುದುಕಿ.

ಕತೆ ಮುಗಿಯಿತು. ನಿಜಗುಣನಿಗೆ ಕೆಡುಕೆನಿಸಿತು. “ಅವಳನ್ನು ಮೊದಲೇ ಕೇಳಿದ್ದರೆ ಆ ಕದ ಉಳಿಯುತ್ತಿತ್ತು,” ಎಂದ.

ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು.

“ನಾನಿನ್ನೂ ಅಂಗಳದಲ್ಲೇ ಕೂತಿದ್ದೇನೆ ಕಣಪ್ಪ.”