ಕೋಟೆ ಬಾಗಿಲಲ್ಲಿ ನಿಂತ ಮಾಳಲೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಮೂರು ಗುಡಿಸಲು, ಒಂದು ಅತ್ತಿಮರ, ನೀರಿಗಿಳಿಯಲು ಹನ್ನೊಂದು ಮೆಟ್ಟಿಲು. ಅಲ್ಲಿ ಕೇತಯ್ಯನವರೆಂಬ ಗುರುಗಳಿದ್ದರು. ಅವರಿಗೆ ದೇಮಣ್ಣನೆಂಬ ಒಬ್ಬನೇ ಶಿಷ್ಯ.

ಕೇತಯ್ಯನವರು ಒಂದು ಕಾವ್ಯ ಬರೆದಿದ್ದರು. ಸರಿಯಾಗಿ ಹೇಳಬೇಕೆಂದರೆ, ಅರ್ಧ ಕಾವ್ಯ.

ಕುಂಬಾರರ ಹುಡುಗಿ ಮಾಳಲೆ, ರಾಜನ ದಂಡು ಹಿಡಿದುಕೊಂಡು ಹೋದ ತನ್ನ ಅಣ್ಣನನ್ನು ಹುಡುಕಿಕೊಂಡು ಹೊರಡುತ್ತಾಳೆ. ಕಾಡು ಮೇಡು ಅಲೆದು, ಕಂಡವರ ಮನೆಯಲ್ಲಿ ರಾಗಿ ಬೀಸಿ, ಕಡೆಗೆ ಕೋಟೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕಾವಲುಗಾರ ಈಟಿ ಅಡ್ಡ ಹಿಡಿದು, "ಯಾರು ನೀನು? ಒಳಗೆ ನಿನಗೇನು ಕೆಲಸ?" ಎಂದು ಕೇಳುತ್ತಾನೆ. ಮಾಳಲೆ ತಲೆಯೆತ್ತಿ ಬಾಯಿ ತೆರೆಯುತ್ತಾಳೆ.

ಅಲ್ಲಿಗೆ ಪೂರ್ವಾರ್ಧ ಮುಗಿಯಿತು. ಉತ್ತರಾರ್ಧ ಬರಲಿಲ್ಲ. ಒಂದಲ್ಲ ಎರಡಲ್ಲ, ಹದಿನಾಲ್ಕು ವರ್ಷ ಬರಲಿಲ್ಲ.

ಪ್ರತಿ ಮಾಘಮಾಸದಲ್ಲಿ ಸುತ್ತಲಿನ ಊರುಗಳಿಂದ ಜನ ಬುತ್ತಿ ಕಟ್ಟಿಕೊಂಡು ಆಶ್ರಮಕ್ಕೆ ಬರುತ್ತಿದ್ದರು. ದೇಮಣ್ಣ ಅತ್ತಿಮರದ ಕೆಳಗೆ ಕೂತು ಮೂರು ದಿನ ಪೂರ್ವಾರ್ಧ ಓದುತ್ತಿದ್ದ. ಕಾವ್ಯ ಓದಿ ಮುಗಿಸಿದರೆ ಮಂಗಳ ಹಾಡಿ ಪ್ರಸಾದ ಹಂಚುವುದು ಪದ್ಧತಿ. ಮುಗಿಯದ ಕಾವ್ಯಕ್ಕೆ ಮಂಗಳ ಹಾಡುವುದು ಹೇಗೆ? ಮೂರನೆಯ ದಿನ ಎಲ್ಲರೂ ಮಂಗಳವಿಲ್ಲದೆ, ಪ್ರಸಾದವಿಲ್ಲದೆ ಎದ್ದು ಹೋಗುತ್ತಿದ್ದರು.

ಹೋಗುವಾಗ ಸುಮ್ಮನೆ ಹೋಗುತ್ತಿದ್ದರೇ? ಮಾಳಲೆ ಅಣ್ಣನ ಹೆಸರು ಹೇಳುತ್ತಾಳೆ ಎಂದು ಕೆಲವರು. ಛೆ ಛೆ, ಅವಳು ಜಾಣೆ, ರಾಣಿಯ ಹೊಸ ದಾಸಿ ಎಂದು ಸುಳ್ಳು ಹೇಳಿ ಒಳಗೆ ನುಗ್ಗುತ್ತಾಳೆ ಎಂದು ಇನ್ನು ಕೆಲವರು. ಈ ಜಗಳ ಎಲ್ಲಿಗೆ ಮುಟ್ಟಿತ್ತೆಂದರೆ, ಎರಡು ಊರುಗಳ ನಡುವೆ ಹೆಣ್ಣು ಕೊಡುವುದು ತರುವುದೇ ನಿಂತುಹೋಗಿತ್ತು.

"ಎಷ್ಟೋ ವರ್ಷದಿಂದ ಬಾಯಿ ತೆರ್ಕೊಂಡು ನಿಂತಿದಾಳಲ್ಲಪ್ಪ ಆ ಹುಡುಗಿ," ಎಂದು ಹೂ ಮಾರುವ ಕಾಳಬ್ಬೆ ಪ್ರತಿ ವರ್ಷ ಹೇಳುತ್ತಿದ್ದಳು. "ನೊಣ ಹೊಕ್ಕೀತು, ಹೇಳಿ ನಿಮ್ಮ ಗುರುಗಳಿಗೆ."

ದೇಮಣ್ಣ ನಗುತ್ತಿದ್ದ. ಒಳಗೊಳಗೆ ಅವನಿಗೆ ನಗು ಬರುತ್ತಿರಲಿಲ್ಲ.

ಏಕೆಂದರೆ ಎಲ್ಲರಿಗಿಂತ ಹೆಚ್ಚು ಕಾದವನು ಅವನೇ. ಹದಿಮೂರು ವರ್ಷದ ಹಿಂದೆ ತನ್ನೂರಿನಲ್ಲಿ ಯಾರೋ ಈ ಕಾವ್ಯ ಓದಿದ್ದನ್ನು ಕೇಳಿ ಎರಡು ದಿನ ಅವನಿಗೆ ಅನ್ನ ಸೇರಿರಲಿಲ್ಲ. ಮೂರನೆಯ ದಿನ ಗಂಟು ಕಟ್ಟಿಕೊಂಡು ಹೊರಟು ಇಲ್ಲಿಗೆ ಬಂದ. ವಿದ್ಯೆ ಕಲಿಯಲು ಬಂದೆ ಎಂದು ಗುರುಗಳ ಮುಂದೆ ಕೈಮುಗಿದ. ಅದು ಸುಳ್ಳು. ಉತ್ತರಾರ್ಧ ಬಂದ ದಿನ ಎಲ್ಲರಿಗಿಂತ ಮೊದಲು ತಾನೇ ಓದಬೇಕು, ಅಷ್ಟೇ ಅವನ ಆಸೆ.

ಬಂದ ಹೊಸದರಲ್ಲಿ ಒಮ್ಮೆ ಕೇಳಿದ್ದ.

"ಗುರುಗಳೇ, ಉತ್ತರಾರ್ಧ ಯಾವಾಗ?"

"ಅವಳಿನ್ನೂ ಮಾತಾಡಿಲ್ಲ."

"ನೀವು ತಾನೇ ಮಾತಾಡಿಸಬೇಕು?"

ಗುರುಗಳು ಕಂಟವನ್ನು, ಅಂದರೆ ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಮೊನೆಯನ್ನು, ಅವನ ಕೈಗೆ ಕೊಟ್ಟರು.

"ನಿನ್ನ ಕೈಲಾದರೆ ಮಾತಾಡಿಸು."

ದೇಮಣ್ಣ ಮಧ್ಯಾಹ್ನದವರೆಗೆ ಬೆವರು ಸುರಿಸಿ ಮಾಳಲೆಯ ಬಾಯಲ್ಲಿ ಒಂದು ಸೊಗಸಾದ ಮಾತು ಆಡಿಸಿದ. ಗುರುಗಳು ಓದಿದರು.

"ಚೆನ್ನಾಗಿದೆ ಕಣಪ್ಪ. ಆದರೆ ಇದು ನೀನು ಹೇಳಿದ್ದು."

ಆಮೇಲೆ ಅವನು ಕಂಟ ಮುಟ್ಟಲಿಲ್ಲ. ಗರಿಗಳ ಕೆಲಸ ಮಾತ್ರ ಮಾಡಿಕೊಂಡಿದ್ದ. ತಾಳೆಗರಿ ಬೇಯಿಸಿ, ನೆರಳಲ್ಲಿ ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಿದ್ದ. ಗುರುಗಳು ಕಂಟದಿಂದ ಗೀರುತ್ತಿದ್ದರು. ಗೀರಿದ್ದು ಸುಲಭಕ್ಕೆ ಕಣ್ಣಿಗೆ ಕಾಣುವುದಿಲ್ಲ. ಶಿಷ್ಯ ದೀಪದ ಮಸಿಗೆ ಎಣ್ಣೆ ಕಲಸಿ ಹಚ್ಚಿ, ಬಟ್ಟೆಯಲ್ಲಿ ಒರೆಸಬೇಕು. ಆಗ ಅಕ್ಷರ ಎದ್ದು ಬರುತ್ತದೆ.

ಪ್ರತಿ ವರ್ಷ ನವರಾತ್ರಿ ಕಳೆಯುತ್ತಲೇ ನೂರು ಗರಿಗಳ ಹೊಸ ಕಟ್ಟೊಂದನ್ನು ಗುರುಗಳ ಕೋಣೆಯಲ್ಲಿಡುತ್ತಿದ್ದ. ಪ್ರತಿ ಮಾಘದಲ್ಲಿ ಹೋಗಿ ನೋಡುತ್ತಿದ್ದ. ಬರಿದೋ ಬರಿದು.

ಆ ವರ್ಷ ಗುರುಗಳ ಕೈ ನಡುಗಲು ಶುರುವಾಗಿತ್ತು. ದೃಷ್ಟಿಯೂ ಮಂದವಾಗಿತ್ತು. ದಿನದ ಹೆಚ್ಚು ಹೊತ್ತು ಕೋಣೆಯೊಳಗೆ ಒಬ್ಬರೇ ಕೂತಿರುತ್ತಿದ್ದರು. ದೇಮಣ್ಣ ಏನೂ ಕೇಳಲಿಲ್ಲ. ಕಾದು ಕಾದು ಅವನಿಗೆ ಸಾಕಾಗಿತ್ತು. ಊಟ ತಂದಿಡುತ್ತಿದ್ದ, ಎಲೆ ಎತ್ತಿಕೊಂಡು ಹೋಗುತ್ತಿದ್ದ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಮಾಘ ಬಂತು, ಜನ ಬಂದರು. ಮೂರನೆಯ ದಿನ ಬೆಳಗ್ಗೆ ಮಾಳಲೆ ಮತ್ತೆ ಕೋಟೆಯ ಬಾಗಿಲಿಗೆ ಬಂದಳು, ಮತ್ತೆ ಬಾಯಿ ತೆರೆದಳು. ದೇಮಣ್ಣ ಕಟ್ಟು ಮುಚ್ಚಿದ.

ಎಣ್ಣೆ ಗಾಣದ ಚಟ್ಟಯ್ಯ ಧಡಕ್ಕನೆ ಎದ್ದು ನಿಂತ.

"ಬರೆಯೋಕಾಗಲ್ಲ ಅಂತ ಬಾಯಿ ಬಿಟ್ಟು ಹೇಳಿಬಿಡ್ಲಿ ಸ್ವಾಮಿ! ನಮ್ಮನ್ಯಾಕೆ ಹಿಂಗೆ ಆಟ ಆಡಿಸ್ತಾರೆ? ಹೊಲ ಮನೆ ಬಿಟ್ಟು ಬರ್ತೀವಿ. ನಮಗೇನು ಬೇರೆ ಕೆಲಸ ಇಲ್ವಾ?"

"ಇದ್ರೆ ತಾನೇ ಬರೆಯೋದು? ಒಳಗೇನೂ ಇಲ್ಲ, ಖಾಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮುಂದಿನ ಸಾಲಿನಲ್ಲಿ ಮುದುಕ ನೇಕಾರ ಬೊಪ್ಪಯ್ಯ ಕೂತಿದ್ದ. ಹದಿನಾಲ್ಕು ವರ್ಷವೂ ತಪ್ಪದೆ ಬಂದವನು.

"ಹಂಗೆಲ್ಲ ಅನ್ನಬೇಡ್ರಪ್ಪ," ಎಂದ. "ನನಗಂತೂ ಕೋಪ ಇಲ್ಲ. ಮುಂದಿನ ವರ್ಷ ಈ ಕಾಲು ಇಲ್ಲಿಗಂಟ ಬರ್ತವೋ ಇಲ್ವೋ, ಅದೊಂದೇ ಯೋಚನೆ."

ಚಟ್ಟಯ್ಯನ ಬೈಗುಳವನ್ನಾದರೂ ದೇಮಣ್ಣ ತಡೆದುಕೊಳ್ಳುತ್ತಿದ್ದ. ಬೊಪ್ಪಯ್ಯನ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ನೇರವಾಗಿ ಗುರುಗಳ ಕೋಣೆಗೆ ಹೋದ.

ಗುರುಗಳು ಸ್ನಾನಕ್ಕೆ ಹೋಗಿದ್ದರು. ಮಣೆಯ ಮೇಲೆ ಗರಿಗಳ ಕಟ್ಟು ಇತ್ತು. ಮೇಲಿನ ಗರಿ ಬರಿದು. ಅದರ ಕೆಳಗಿನದೂ ಬರಿದು. ಮೂರನೆಯದನ್ನು ನೋಡುವಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ.

ಹದಿಮೂರು ವರ್ಷದ ಸಿಟ್ಟು ಒಟ್ಟಿಗೆ ನೆತ್ತಿಗೇರಿತು. ಕಟ್ಟನ್ನೆತ್ತಿಕೊಂಡು ಹೊರಗೆ ಬಂದ. ಮೆಟ್ಟಿಲ ತುದಿಯಲ್ಲಿ ನಿಂತು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ನೋಡಿ! ಖಾಲಿ! ಉತ್ತರಾರ್ಧ ಇಲ್ಲ, ಬರೋದೂ ಇಲ್ಲ. ನಿಮ್ಮ ನಿಮ್ಮ ಮನೆಗೆ ಹೋಗಿ!"

ದಾರ ಬಿಚ್ಚಿ ಕಟ್ಟನ್ನು ಹೊಳೆಗೆ ಎಸೆದ. ಗರಿಗಳು ಚದುರಿ ತೇಲಿಕೊಂಡು ಹೋದವು. ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು. ದೇಮಣ್ಣನಿಗೆ ಮಾತ್ರ, ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಎದೆ ಹಗುರಾಯಿತು.

ಸ್ವಲ್ಪ ಹೊತ್ತಿಗೆ ಹೊಳೆಯ ತಿರುವಿನ ಕಡೆಯಿಂದ ಗುರುಗಳು ಒದ್ದೆ ಪಂಚೆಯಲ್ಲಿ ಬಂದರು. ಕೈಯಲ್ಲಿ ಒಂದು ಗರಿ ಇತ್ತು.

"ದೇಮಣ್ಣ, ಹಳೇ ಗರಿಗಳನ್ನ ಹೊಳೆಗೆ ಬಿಟ್ಯಾ?"

ಹುಳ ಹಿಡಿದ ಗರಿಗಳನ್ನು ಸುಡದೆ ಹೊಳೆಗೆ ಬಿಡುವುದು ಆಶ್ರಮದ ರೂಢಿ.

"ಹಳೇದಲ್ಲ ಗುರುಗಳೇ. ನಿಮ್ಮ ಕೋಣೇಲಿದ್ದ ಖಾಲಿ ಗರಿಗಳು. ಇನ್ನು ಕಾಯೋದು ಬೇಡ ಅಂತ ಎಲ್ಲರಿಗೂ ಹೇಳಿಬಿಟ್ಟೆ."

ಗುರುಗಳು ಅವನನ್ನೇ ನೋಡಿದರು. ಬೈಯಲಿಲ್ಲ.

"ಮಸಿ ತಗೊಂಡು ಬಾ," ಎಂದರು.

ತಂದ. ಗುರುಗಳು ಮೆಟ್ಟಿಲ ಮೇಲೆ ಕೂತು, ಪಂಚೆಯ ತುದಿಯಿಂದ ಗರಿಯ ನೀರೊರೆಸಿ, ನಡುಗುವ ಬೆರಳಿನಿಂದ ಮಸಿ ಹಚ್ಚಿದರು. ಒರೆಸಿದರು. ಅವನ ಕೈಗೆ ಕೊಟ್ಟರು.

ಗರಿಯ ತುಂಬ ಅಕ್ಷರ. ಕೈಯಲ್ಲಿ ಬಲವಿಲ್ಲದವರು ಗೀರಿದ, ಕೂದಲೆಳೆಯಷ್ಟು ಸಣ್ಣ ಅಕ್ಷರ.

ದೇಮಣ್ಣ ಓದಿದ. ಗಟ್ಟಿಯಾಗಿ ಓದುವುದು ಅಭ್ಯಾಸವಾಗಿಬಿಟ್ಟಿತ್ತು, ಗಟ್ಟಿಯಾಗಿಯೇ ಓದಿದ.

"ಎಂದು ಹೇಳಿ ಮಾಳಲೆ ನಕ್ಕಳು. ಕಾವಲುಗಾರ ಈಟಿ ಇಳಿಸಿದ. ಯಾರು ಕೂಗಿದರೂ ತೆರೆಯದ ಬಾಗಿಲು ತೆರೆಯಿತು."



"ಏನಂತ ಹೇಳಿದ್ಲು?" ಎಂದಳು ಕಾಳಬ್ಬೆ.

ಅದು ಇದರ ಹಿಂದಿನ ಗರಿಯಲ್ಲಿತ್ತು.

ಆಗ ಓಡಿದರು ನೋಡಿ ಜನ. ದಂಡೆಯುದ್ದಕ್ಕೂ ಓಡಿದರು. ಬೈದಿದ್ದ ಚಟ್ಟಯ್ಯನೇ ಎಲ್ಲರಿಗಿಂತ ಮೊದಲು ಉಟ್ಟ ಬಟ್ಟೆಯಲ್ಲಿ ನೀರಿಗೆ ಹಾರಿದ. ತಿರುವಿನಾಚೆ ಹೊಳೆ ಬಂಡೆಗಳ ನಡುವೆ ನುಗ್ಗಿ ಧುಮುಕುತ್ತಿತ್ತು. ಅಲ್ಲಿಂದ ಮುಂದೆ ಹೋಗಲು ಯಾರಿಂದಲೂ ಆಗಲಿಲ್ಲ. ಚಟ್ಟಯ್ಯ ಒಂದು ಹಿಡಿ ಪಾಚಿಯೊಂದಿಗೆ ವಾಪಸು ಬಂದು, ಅದನ್ನು ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತ.

ಜನ ಹೋದ ಮೇಲೆ ದೇಮಣ್ಣ ಗುರುಗಳ ಕಾಲ ಬಳಿ ಕುಸಿದ.

"ಯಾವಾಗ ಬರೆದಿರಿ ಗುರುಗಳೇ?"

"ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಮಾತಾಡಿದಳು. ಆಮೇಲೆ ನಿಲ್ಲಿಸಲೇ ಇಲ್ಲ."

"ನನಗ್ಯಾಕೆ ಒಂದು ಮಾತು ಹೇಳಲಿಲ್ಲ?"

"ಮಂಗಳದ ಪದ್ಯ ಒಂದು ಬಾಕಿ ಇತ್ತು. ಇವತ್ತು ಸ್ನಾನ ಮಾಡ್ಕೊಂಡು ಬಂದು, ಅದನ್ನೂ ಬರೆದು, ಕಟ್ಟು ನಿನ್ನ ಕೈಗೆ ಕೊಡೋಣ ಅಂತಿದ್ದೆ. ಜನ ಎಲ್ಲ ಇರ್ತಾರಲ್ಲ, ನೀನೇ ಮಸಿ ಹಚ್ಚಿ, ನೀನೇ ಮೊದಲು ಓದ್ತೀಯ ಅಂತ."

ಹದಿಮೂರು ವರ್ಷ ಬಚ್ಚಿಟ್ಟಿದ್ದ ಆಸೆ ಗುರುಗಳಿಗೆ ಗೊತ್ತಿತ್ತು. ದೇಮಣ್ಣ ಬಿಕ್ಕಿ ಬಿಕ್ಕಿ ಅತ್ತ.

"ಇನ್ನೊಂದು ಸಲ ಹೇಳಿ ಗುರುಗಳೇ. ನಾನು ಬರ್ಕೋತೀನಿ. ಎಷ್ಟು ದಿನ ಆದ್ರೂ ಸರಿ."

ಗುರುಗಳು ಕಣ್ಣು ಮುಚ್ಚಿದರು. ಅತ್ತಿಮರದ ನೆರಳು ಮೆಟ್ಟಿಲಿನಿಂದ ಅಂಗಳಕ್ಕೆ ಸರಿಯುವವರೆಗೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

"ಬರ್ತಾ ಇಲ್ಲ ಕಣಪ್ಪ. ಅವಳು ಹೇಳ್ತಾ ಹೋದಳು, ನಾನು ಗೀರ್ತಾ ಹೋದೆ. ಗರಿ ಇದೆಯಲ್ಲ ಅಂತ ನೆನಪಲ್ಲಿ ಇಟ್ಕೊಳ್ಳಲಿಲ್ಲ."

"ಎಲ್ಲ ನನ್ನಿಂದ ಆಯ್ತು."

"ನಿನ್ನೊಬ್ಬನಿಂದಲೇ ಅಲ್ಲ. ಗರಿಗಳು ನನ್ನ ಕಣ್ಣ ಮುಂದೇನೇ ತೇಲಿಹೋದವು. ಹಳೇವು ಅಂದ್ಕೊಂಡು ದಾರಿ ಬಿಟ್ಟೆ. ಕಡೇದೊಂದು ಎದೆಗೆ ತಗುಲಿತು, ಎತ್ಕೊಂಡೆ. ಬೆರಳಿಗೆ ನನ್ನ ಅಕ್ಷರ ಸಿಕ್ಕಿತು."

"ನನಗೆ ಶಿಕ್ಷೆ ಕೊಡಿ ಗುರುಗಳೇ."

"ಮುಂದಿನ ಮಾಘಕ್ಕೆ ಜನ ಬರ್ತಾರೆ. ನೀನೇ ಓದಬೇಕು."

ಇದಕ್ಕಿಂತ ದೊಡ್ಡ ಶಿಕ್ಷೆ ದೇಮಣ್ಣನಿಗೆ ಯಾರೂ ಕೊಡಲಾರರು.

ಆ ವರ್ಷವೆಲ್ಲ ಅವನು ಕೊರಗಿದ. ಕಾವ್ಯ ಹೋಯಿತೆಂಬುದು ಒಂದು ದುಃಖ. ಇನ್ನೊಂದು ಅದಕ್ಕಿಂತ ಹೆಚ್ಚು ಸುಡುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಗುರುಗಳ ಕೋಣೆಯಿಂದ ದಿನವೂ ಕರಕರ ಸದ್ದು ಕೇಳುತ್ತಿತ್ತು. ಇಲಿ ಎಂದುಕೊಂಡು ಅವನು ಬಾಗಿಲ ಬಳಿ ಬೋನು ಇಟ್ಟಿದ್ದ. ಒಮ್ಮೆ ಒಳಗೆ ಇಣುಕಿ, "ಏನು ಮಾಡ್ತಿದೀರಿ ಗುರುಗಳೇ?" ಎಂದು ಕೇಳಿದ್ದರೆ ಸಾಕಿತ್ತು. ಬರುವ ಪುಸ್ತಕದ ಮೇಲೆ ಅಷ್ಟು ವರ್ಷ ಕಣ್ಣಿಟ್ಟವನು, ಪಕ್ಕದ ಕೋಣೆಯಲ್ಲಿದ್ದ ಮನುಷ್ಯನನ್ನು ತಿರುಗಿ ನೋಡಿರಲಿಲ್ಲ.

ಮತ್ತೆ ಮಾಘ ಬಂತು. ಈ ಸಲ ಒಬ್ಬರೂ ಬರುವುದಿಲ್ಲ ಎಂದುಕೊಂಡ ದೇಮಣ್ಣ. ಬಾರದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡ.

ಬಂದರು. ಜಗಳವಾಡಿದ ಎರಡೂ ಊರಿನವರು ಬಂದರು. ನಡೆಯಲಾಗದ ಬೊಪ್ಪಯ್ಯನನ್ನು ಚಟ್ಟಯ್ಯ ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಬಂದ. ದೇಮಣ್ಣನ ಕಡೆ ಯಾರೂ ಕೆಕ್ಕರಿಸಿ ನೋಡಲಿಲ್ಲ. ನೋಡಿದ್ದರೇ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ.

ಮೂರನೆಯ ದಿನ ಮಾಳಲೆ ಕೋಟೆಯ ಬಾಗಿಲಿಗೆ ಬಂದಳು. ಕಾವಲುಗಾರ ಈಟಿ ಅಡ್ಡ ಹಿಡಿದ. "ಯಾರು ನೀನು? ಒಳಗೆ ನಿನಗೇನು ಕೆಲಸ?"

ಮಾಳಲೆ ತಲೆಯೆತ್ತಿ ಬಾಯಿ ತೆರೆದಳು.

ದೇಮಣ್ಣ ಗರಿ ಮಗುಚಿದ. ಮುಂದಿನದು ಆ ಒಂದೇ ಗರಿ. 'ಎಂದು ಹೇಳಿ' ಎಂದು ಶುರುವಾಗುವ ಗರಿ. ಅದನ್ನು ಮೇಲೆತ್ತಿ ಹಿಡಿದ, ಓದಲಾಗದೆ ಮತ್ತೆ ಮಡಿಲಿಗಿಳಿಸಿದ. 

ಜನ ಕಾದರು. 

ಓದುವ ಹೊತ್ತಿನಲ್ಲಿ ಎಂದೂ ಅತ್ತಿಮರದ ಕಡೆ ಸುಳಿಯದ ಗುರುಗಳು ಅವತ್ತು ಹೊರಗೆ ಬಂದರು. ಕೋಲೂರಿಕೊಂಡು ಅಂಗಳ ದಾಟಿದರು. ಎಲ್ಲರೂ ಗಡಬಡಿಸಿ ಎದ್ದರು. ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿ, ಜನರ ನಡುವೆ ದಾರಿ ಮಾಡಿಕೊಂಡು ಮುಂದಿನ ಸಾಲಿನ ಚಾಪೆಯ ಹತ್ತಿರ ನಿಂತರು.

"ಸ್ವಲ್ಪ ಜರುಗು ಬೊಪ್ಪಯ್ಯ, ನಾನೂ ಕೂರ್ತೀನಿ. ಅವಳೇನಂದಳೋ, ನನಗೂ ಕೇಳಬೇಕು."