ಕೆಂಚಿಯ ಮೊಮ್ಮಕ್ಕಳು

ದುರುಗಪ್ಪ ನದಿ ದಂಡೆಯ ಆಶ್ರಮಕ್ಕೆ ಬಂದದ್ದು ಆತ್ಮಜ್ಞಾನಕ್ಕೆ. ಗುರುಗಳು ಅವನನ್ನು ಆಡು ಕಾಯಲು ಹಚ್ಚಿದರು.

ಒಂದು ಬೆಳಿಗ್ಗೆ ಅವನು ಕೆಂಚಿ ಎಂಬ ಆಡನ್ನು ಬಾಗಿಲ ಕಂಬಕ್ಕೆ ಕಟ್ಟಿ, ಕಟುಕ ಚೌಡಯ್ಯನಿಗೆ ಹೇಳಿ ಕಳಿಸಿದ.

"ಅದೇನು ತಪ್ಪು ಮಾಡಿತಪ್ಪಾ?" ಗುರುಗಳು ಕೇಳಿದರು.

"ಈದದ್ದೆಲ್ಲ ಹೋತ, ಗುರುಗಳೇ. ಹೋತ ಹಾಲು ಕೊಡುತ್ತದೆಯೇ? ಇಡೀ ಮಂದೆಗೆ ಒಂದು ಸಾಕು. ಆದರೂ ಹುಟ್ಟುವ ಮರಿಗಳಲ್ಲಿ ಅರ್ಧ ಗಂಡೇ. ಸೃಷ್ಟಿಯಲ್ಲಿ ಇಷ್ಟೊಂದು ದಂಡ ಯಾಕೆ?"

"ನೀನಾಗಿದ್ದರೆ?"

"ಒಂದು ಹೋತ, ಉಳಿದದ್ದೆಲ್ಲ ಹೆಣ್ಣು."

ಸೃಷ್ಟಿಯ ಕೆಲಸಕ್ಕೆ ಅವನು ತಯಾರಾಗಿಯೇ ಇದ್ದ.

"ಸರಿ, ಹಾಗೇ ಮಾಡಿದೆ ಅಂತಿಟ್ಟುಕೊ. ಮುಂದೆ ಹುಟ್ಟುವ ಮರಿಗಳಿಗೆ ಅಪ್ಪ ಯಾರು?"

"ಆ ಹೋತವೇ. ಇನ್ಯಾರಿದ್ದಾರೆ?"

"ಆ ಹೋತವನ್ನು ಈದ ತಾಯಿಗೆ ಮೊಮ್ಮಕ್ಕಳು ಎಷ್ಟು?"

ದುರುಗಪ್ಪ ಮಂದೆಯ ಕಡೆ ನೋಡಿದ. "ಮರಿಗಳೆಲ್ಲ ಅದರವೇ."

"ಹೆಣ್ಣು ಈದ ತಾಯಂದಿರಿಗೆ?"

"ಒಂದೋ ಎರಡೋ."

"ಗಂಡು ಈಯುವ ಗುಣ ಆ ತಾಯಿಯ ರಕ್ತದಲ್ಲೇ ಇದ್ದರೆ?"

"ಮೊಮ್ಮಕ್ಕಳಿಗೂ ಹರಿಯುತ್ತದೆ. ಹೋತಗಳು ಹೆಚ್ಚುತ್ತವೆ." ಅವನ ದನಿ ನಿಧಾನವಾಯಿತು. "ತೀರ ಹೆಚ್ಚಾದರೆ ಎಷ್ಟೋ ಹೋತಗಳಿಗೆ ಜೋಡಿಯೇ ಸಿಗದು. ಆಗ ಹೆಣ್ಣು ಈದ ತಾಯಿಗೇ ಮೊಮ್ಮಕ್ಕಳು ಜಾಸ್ತಿ. ಮತ್ತೆ ಹೆಣ್ಣುಗಳು ಹೆಚ್ಚುತ್ತವೆ..."

"ಎಲ್ಲಿ ನಿಲ್ಲುತ್ತದೆ?"

"ಎರಡೂ ಸಮವಾದಲ್ಲಿ."

ಹೇಳಿದವನು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟ. ಎದುರಿಗೆ ಕೊಕ್ಕರೆಗಳು ನೀರಿಗಿಳಿದು ನಿಂತಿದ್ದವು. ಅವುಗಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಅವನು ಈವರೆಗೆ ಯೋಚಿಸಿಯೇ ಇರಲಿಲ್ಲ.

"ಅವಕ್ಕೂ ಇದೇ ಲೆಕ್ಕವೇ, ಗುರುಗಳೇ?"

"ಅವಕ್ಕೂ. ಆ ನೀರೊಳಗಿನ ಎಷ್ಟೋ ಮೀನುಗಳಿಗೂ. ನಿಮ್ಮೂರ ಹೆರಿಗೆ ಆಸ್ಪತ್ರೆಗೂ."

ಅಷ್ಟರಲ್ಲಿ ಚೌಡಯ್ಯ ಬಂದು ಕೆಂಚಿಯ ಬೆನ್ನು ಒತ್ತಿ ನೋಡತೊಡಗಿದ. ದುರುಗಪ್ಪ ಎದ್ದು ಹೋಗಿ ಹಗ್ಗ ಬಿಚ್ಚಿದ. ಕೆಂಚಿ ಮಂದೆಯ ಕಡೆ ಓಡಿತು.

"ಕೊಡೋದಿಲ್ಲ ಅಣ್ಣಾ."

"ಬೆಳಿಗ್ಗೆ ಕರೆಸಿದ್ದು ನೀನೇ ಅಲ್ಲವೇನಪ್ಪಾ?"

"ಬೆಳಿಗ್ಗೆ ನನಗೆ ಲೆಕ್ಕ ಬರುತ್ತಿತ್ತು."

ಚೌಡಯ್ಯ ಗುರುಗಳ ಮುಖ ನೋಡಿದ. ಸನ್ಯಾಸಿಗಳ ಜೊತೆ ವ್ಯಾಪಾರಕ್ಕಿಳಿದ ತನ್ನನ್ನೇ ಬೈದುಕೊಳ್ಳುತ್ತ ಹೊರಟುಹೋದ.

ದುರುಗಪ್ಪ ಬಿಚ್ಚಿದ ಹಗ್ಗವನ್ನು ಸುತ್ತಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ಎಷ್ಟು ಕಾಲದಿಂದ ಗಂಡು-ಹೆಣ್ಣಿನ ಈ ತಕ್ಕಡಿ ಹೀಗೇ ಸಮವಾಗಿ ನಿಂತಿದೆ. ಹಿಡಿದಿರುವ ಕೈ ಯಾರದು, ಗುರುಗಳೇ?"

"ಕೈ ಹಿಡಿದಿದ್ದರೆ ಇಷ್ಟೊತ್ತಿಗೆ ನಡುಗುತ್ತಿತ್ತು, ಮಗು."