ಕೂಗು ಕೇಳಿ ಬಂದದ್ದು

ಹೊಳೆದಂಡೆಯ ಆ ಪುಟ್ಟ ಮಠದಲ್ಲಿ ಒಂದು ರೂಢಿ ಇತ್ತು. ಮಧ್ಯಾಹ್ನ ಅಡುಗೆಯಾದ ಮೇಲೆ ಯಾರೂ ನೇರವಾಗಿ ಎಲೆಯ ಮುಂದೆ ಕೂರುವಂತಿರಲಿಲ್ಲ. ಒಬ್ಬರು ಹೊರಗೆ ಹೋಗಿ, ನೀರಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ನಿಂತು, ಗಟ್ಟಿಯಾಗಿ ಮೂರು ಸಲ ಕೂಗಬೇಕು.

“ಹಸಿದವರಿದ್ದರೆ ಬನ್ನಿ!”

ಯಾರಾದರೂ ಬಂದರೆ ಮೊದಲ ಎಲೆ ಅವರಿಗೆ. ಬರದಿದ್ದರೆ ಇದ್ದವರು ಉಣ್ಣಬಹುದು.

ಹರಿಗೋಲು ಓಡಾಡುತ್ತಿದ್ದ ಕಾಲದಲ್ಲಿ ಆ ಕೂಗಿಗೆ ಹತ್ತಾರು ಜನ ಬರುತ್ತಿದ್ದರಂತೆ. ಆಮೇಲೆ ಎರಡು ಮೈಲಿ ಕೆಳಗೆ ಸೇತುವೆ ಆಯಿತು. ಜನ ಬಸ್ಸು ಹತ್ತಿ ಆ ಕಡೆಯಿಂದಲೇ ದಾಟಿದರು. ಹರಿಗೋಲು ದಡದಲ್ಲಿ ಬೋರಲು ಬಿದ್ದು ಗೆದ್ದಲು ಹಿಡಿಯಿತು. ಕೂಗು ಮಾತ್ರ ನಿಲ್ಲಲಿಲ್ಲ.

ಈಗ ಮಠದಲ್ಲಿದ್ದವರು ಇಬ್ಬರೇ. ಗುರು ಶಂಭುಲಿಂಗಯ್ಯ, ಶಿಷ್ಯ ಮುದ್ದೀರಯ್ಯ.

ಶಿಷ್ಯ ಅಂದರೆ ಹುಡುಗನಲ್ಲ, ಅರವತ್ತು ದಾಟಿದ ಆಸಾಮಿ. ಮೂವತ್ತು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಹಲ್ಲು ನೋಡಿ ಎತ್ತಿನ ವಯಸ್ಸು, ಸುಳಿ ನೋಡಿ ಅದರ ಗುಣ, ನಡಿಗೆ ನೋಡಿ ಅದರ ಅಜ್ಜಿ ಯಾರ ಕೊಟ್ಟಿಗೆಯದೆಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾದದ್ದು ಕಡಿಮೆ. ಅದೇ ಅವನಿಗೆ ಮುಳುವಾಯಿತು.

ಮಗಳು ಮಾದೇವಿ ಒಂದು ದಿನ ಒಬ್ಬ ಹುಡುಗನ ಜೊತೆ ಮನೆಗೆ ಬಂದು, “ಇವರನ್ನ ಮದುವೆ ಆಗಿದ್ದೀನಿ ಅಪ್ಪ” ಅಂದಳು. ಊಟದ ಹೊತ್ತು. ಎಲೆ ಹಾಕಿತ್ತು, ಅನ್ನ ಬಡಿಸಿತ್ತು. ಮುದ್ದೀರಯ್ಯ ಸಂತೆಯಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದ. ಯಾರ ಮಗ? ಯಾವ ವಂಶ?

ಹುಡುಗ ಅನಾಥಾಲಯದಲ್ಲಿ ಬೆಳೆದವನು. “ಗೊತ್ತಿಲ್ಲ” ಅಂದ.

“ಮೂಲ ಗೊತ್ತಿಲ್ಲದ ಕರುನ ನಾನು ಕೊಟ್ಟಿಗೆಗೆ ಕಟ್ಟೋನಲ್ಲ.”

ಇಬ್ಬರೂ ತುತ್ತು ಮುಟ್ಟದೆ ಎದ್ದು ಹೋದರು.

ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಆರು ತಿಂಗಳು ಮುದ್ದೀರಯ್ಯ ಒಬ್ಬನೇ ಬೇಯಿಸಿಕೊಂಡು ಒಬ್ಬನೇ ಉಂಡ. ಒಂದು ದಿನ ಬಾಗಿಲಿಗೆ ಬೀಗ ಹಾಕಿ, ಹೊಳೆಯ ದಡ ಹಿಡಿದು ನಡೆದ. ಎಲ್ಲಿಗೆ ಎಂದು ಅವನಿಗೂ ತಿಳಿದಿರಲಿಲ್ಲ. ಹಾಗೆ ಹೋಗುವಾಗ ಕೇಳಿಸಿತು ಆ ಕೂಗು. ಬಂದ, ಉಂಡ, ಉಳಿದ.

ಉಂಡ ಮೇಲೆ ನಡೆದದ್ದನ್ನೆಲ್ಲ ಗುರುವಿಗೆ ಹೇಳಿ, “ಮನಸ್ಸಿಗೆ ನೆಮ್ಮದಿ ಇಲ್ಲ ಬುದ್ಧಿ, ಉಪದೇಶ ಕೊಡಿ” ಎಂದು ಕೇಳಿದ.

“ನಾಳೆಯಿಂದ ಕೂಗೋ ಕೆಲಸ ನಿಂದು” ಎಂದರು ಗುರು. “ನಿನ್ನ ಕೂಗಿಗೆ ಒಬ್ಬರು ಬಂದು ಉಂಡ ದಿನ ಉಪದೇಶ ಕೇಳು.”

ಅದು ಮೂರು ವರ್ಷದ ಹಿಂದಿನ ಮಾತು. ಒಬ್ಬರೂ ಬರಲಿಲ್ಲ. ಮುದ್ದೀರಯ್ಯ ಮಳೆಯಲ್ಲಿ ಕೂಗಿದ, ಬಿಸಿಲಲ್ಲಿ ಕೂಗಿದ, ಜ್ವರ ಬಂದಾಗ ಕಂಬಳಿ ಹೊದ್ದು ಕೂಗಿದ. ಆಚೆ ದಡದ ಬಂಡೆಗೆ ಬಡಿದು ಅವನ ದನಿಯೇ ಅವನಿಗೆ ವಾಪಸು ಬರುತ್ತಿತ್ತು.

ಗುರುವಿಗೆ ಮಾತು ಕಡಿಮೆ. ವರ್ಷಕ್ಕೊಮ್ಮೆ ಯುಗಾದಿಗೆ ಸೇತುವೆಯಾಚೆಯ ಪೇಟೆಯಿಂದ ಮಾದೇವಿಯದೊಂದು ಕಾರ್ಡು ಬರುತ್ತಿತ್ತು; ಅಪ್ಪ ಇಲ್ಲಿರುವುದು ಅವಳಿಗೆ ಊರವರಿಂದ ತಿಳಿದಿತ್ತು. ‘ಚೆನ್ನಾಗಿದ್ದೀವಿ. ಊಟ ಸರಿಯಾಗಿ ಮಾಡಿ.’ ಅಷ್ಟೇ. ಮುದ್ದೀರಯ್ಯ ಅದನ್ನು ಸೂರಿನ ಗಳುವಿಗೆ ಸಿಕ್ಕಿಸಿ ಇಡುತ್ತಿದ್ದ. ಉತ್ತರ ಬರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೂಗಿ ಮುಗಿಸಿ ತಿರುಗಿದರೆ, ಬೋರಲು ಬಿದ್ದ ಹರಿಗೋಲಿನ ಹಿಂದಿನಿಂದ ಒಂದು ನಾಯಿ ಎದ್ದು ಬಂತು. ಮೈಯೆಲ್ಲ ಕಜ್ಜಿ, ಕತ್ತಿನ ತುಂಬ ಉಣ್ಣಿಹುಳು, ಹಿಂಗಾಲಲ್ಲಿ ಕೀವಾದ ಗಾಯ.

ಮುದ್ದೀರಯ್ಯ ಕಲ್ಲು ಬೀಸಿ ಓಡಿಸಿದ.

“ಯಾರಾದ್ರೂ ಬಂದ್ರಾ?” ಒಳಗಿನಿಂದ ಗುರು ಕೇಳಿದರು.

“ಇಲ್ಲ ಬುದ್ಧಿ.”

ಮರುದಿನ ಕೂಗಿದ ಕೂಡಲೇ ನಾಯಿ ಮತ್ತೆ ಬಂತು. ಮತ್ತೆ ಕಲ್ಲು ಬಿತ್ತು.

“ಯಾರಾದ್ರೂ ಬಂದ್ರಾ?”

“ಇಲ್ಲ ಬುದ್ಧಿ.”

ಮೂರನೇ ದಿನ ಗುರು ಎಲೆಯ ಮುಂದೆ ಕೂರಲಿಲ್ಲ. ಬಾಗಿಲಿಗೆ ಬಂದು ನಿಂತರು. ನಾಯಿ ಅಷ್ಟು ದೂರದಲ್ಲಿ ಕೂತು, ಇಬ್ಬರನ್ನೂ ನೋಡುತ್ತಿತ್ತು.

“ನೀನು ಏನಂತ ಕೂಗಿದೆ?”

“ಹಸಿದವರಿದ್ದರೆ ಬನ್ನಿ ಅಂತ.”

“ಅದು ಹಸಿದಿಲ್ವಾ?”

“ಅದು ಬೆರಕೆ ನಾಯಿ ಬುದ್ಧಿ. ಯಾವ ತಿಪ್ಪೇಲಿ ಹುಟ್ಟಿದ್ದೋ ಏನೋ.”

ಗುರು ಗಡ್ಡ ಕೆರೆದುಕೊಂಡರು.

“ಹಾಗಾದ್ರೆ ಒಂದು ಕೆಲಸ ಮಾಡು. ನೀನು ಸುಳಿ ಬಲ್ಲೋನು. ಅದರ ವಂಶ ಯಾವುದು ಅಂತ ನೋಡಿ ಹೇಳು. ಹೇಳಿದ ಮೇಲೆ ಮೂವರೂ ಊಟ ಮಾಡೋಣ.”

ಮುದ್ದೀರಯ್ಯನಿಗೆ ಒಳಗೊಳಗೇ ಖುಷಿಯೇ ಆಯಿತು. ಅವನ ವಿದ್ಯೆಯನ್ನು ಮೂರು ವರ್ಷದಿಂದ ಯಾರೂ ಕೇಳಿರಲಿಲ್ಲ. ಪಂಚೆ ಎತ್ತಿ ಕಟ್ಟಿ ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ನಾಯಿ ಓಡಲಿಲ್ಲ. ಬಾಯಿ ಬಿಡಿಸಿದರೆ ಬಿಟ್ಟಿತು, ಕಾಲೆತ್ತಿದರೆ ಎತ್ತಿತು.

“ಉದ್ದ ಮೂತಿ, ಸಣ್ಣ ನಡು. ಮುಧೋಳದ ಕಡೆ ಬೇಟೆನಾಯಿ ರಕ್ತ ಇರ್ಬೇಕು.”

“ಸರಿ” ಎಂದರು ಗುರು.

“ಆದ್ರೆ ಬಾಲ ನೋಡಿ, ಪೊದೆ ಪೊದೆ. ಸಾಹುಕಾರರು ಸಾಕ್ತಾರಲ್ಲ, ಆ ಬಿಳಿ ನಾಯಿದು.”

“ಸರಿ.”

“ಒಂದು ಕಿವಿ ನಿಂತಿದೆ, ಪೊಲೀಸ್ ನಾಯಿ ಥರ. ಇನ್ನೊಂದು ಬಿದ್ದಿದೆ. ಬಣ್ಣ ನೋಡಿದ್ರೆ ಕುರಿ ಕಾಯೋ ನಾಯಿ...” ಮುದ್ದೀರಯ್ಯ ತಲೆ ಕೊಡವಿದ. “ತಡೀರಿ ಬುದ್ಧಿ. ಮೊದಲಿಂದ ನೋಡ್ತೀನಿ.”

ಮೊದಲಿನಿಂದ ನೋಡಿದ. ಹೊತ್ತು ಇಳಿಯಿತು. ಒಳಗೆ ಸಾರು ಆರಿ ಕೆನೆ ಕಟ್ಟಿತು. ಎಂಬತ್ತರ ಗುರು ಜಗಲಿಯ ಕಂಬಕ್ಕೆ ಒರಗಿ ಕಾಯುತ್ತಲೇ ಇದ್ದರು. ನಾಯಿಯ ಪಕ್ಕೆಲುಬು ಏರಿ ಇಳಿಯುತ್ತಿತ್ತು. ಬೆರಳಿಟ್ಟರೆ ಒಂದೊಂದು ಎಲುಬೂ ಕೈಗೆ ಸಿಗುತ್ತಿತ್ತು.

“ಗೊತ್ತಾಯ್ತಾ?”

“ಇನ್ನೂ ಇಲ್ಲ.”

“ಗೊತ್ತಾಗೋವರೆಗೂ ಯಾರೂ ಉಣ್ಣೋ ಹಾಗಿಲ್ಲ” ಎಂದು ಗುರು ಕಣ್ಣು ಮುಚ್ಚಿದರು.

ಆಗ ನಾಯಿ ಮುದ್ದೀರಯ್ಯನ ಅಂಗೈ ನೆಕ್ಕಿತು. ಬೆಳಿಗ್ಗೆ ಅಕ್ಕಿ ತೊಳೆದ ಕೈ ಅದು. ಬೆರಳ ಸಂದಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಅದು ಹುಡುಕುತ್ತಿತ್ತು.

ಮುದ್ದೀರಯ್ಯನಿಗೆ ತಡೆಯಲಾಗಲಿಲ್ಲ. ದಡಕ್ಕನೆ ಎದ್ದು ಒಳಗೆ ಹೋದ. ತನ್ನ ಎಲೆಯನ್ನು ಅನ್ನದ ಸಮೇತ ಎತ್ತಿಕೊಂಡು ಬಂದು ಅದರ ಮುಂದೆ ಇಟ್ಟ.

“ಹಾಳಾಗಿ ಹೋಗಲಿ, ಯಾರ ವಂಶವಾದ್ರೂ ಆಗ್ಲಿ! ತಿನ್ನು ಮೊದಲು.”

ಗುರು ಕಣ್ಣು ತೆರೆದರು. “ನನಗೂ ಬಡಿಸಪ್ಪ” ಎಂದರು. “ನೀನು ಬಂದ ದಿನ ನಾನು ನಿನ್ನ ಹಲ್ಲು ಹಿಡಿದು ನೋಡಿದ್ನಾ? ನೋಡಿದ್ರೆ ನೀನೂ ಉಪವಾಸ ಬೀಳ್ತಿದ್ದೆ.”

ಅಂದಿನಿಂದ ನಾಯಿ ಮಠದ್ದಾಯಿತು. ಮುದ್ದೀರಯ್ಯ ಒಂದೊಂದೇ ಉಣ್ಣಿ ಕಿತ್ತ. ಬೇವಿನೆಲೆ ಕುದಿಸಿದ ನೀರಲ್ಲಿ ಮೈ ತೊಳೆದ, ಕಜ್ಜಿಗೆ ಹೊಂಗೆ ಎಣ್ಣೆ ಹಚ್ಚಿದ. ಹೆಸರಿಡಲು ನೋಡಿದ. ಯಾವ ಹೆಸರಿಟ್ಟು ಕರೆದರೂ ಅದು ತಿರುಗುತ್ತಿರಲಿಲ್ಲ. “ಬನ್ನಿ” ಅಂದರೆ ಮಾತ್ರ ಓಡಿ ಬರುತ್ತಿತ್ತು. ಹಾಗಾಗಿ ಸಂತೆಯಲ್ಲಿ ಗೌಡರನ್ನೂ ಏಕವಚನದಲ್ಲಿ ಮಾತಾಡಿಸುತ್ತಿದ್ದ ಮುದ್ದೀರಯ್ಯ, ಒಂದು ಬೆರಕೆ ನಾಯಿಯನ್ನು ದಿನಾ ಬಹುವಚನದಲ್ಲಿ ಕರೆಯಬೇಕಾಯಿತು.

ಕಾಲಿನ ಗಾಯ ಮಾತ್ರ ವಾಸಿಯಾಗಲಿಲ್ಲ. ಹದಿನೈದು ದಿನವಾದ ಮೇಲೆ ಅದು ಅನ್ನ ಬಿಟ್ಟಿತು. ಮುದ್ದೀರಯ್ಯ ಅದನ್ನು ಕಂಬಳಿಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು, ಸೇತುವೆ ದಾಟಿ, ಪೇಟೆಯ ದನದ ಆಸ್ಪತ್ರೆಗೆ ಹೋದ.

ಅಲ್ಲಿ ಕಾಂಪೌಂಡರು ಚೀಟಿ ಬರೆಯಲು ಕೂತ.

“ಯಾವ ಜಾತಿ ನಾಯಿ?”

ಮುದ್ದೀರಯ್ಯ ಬಾಯಿ ತೆರೆದ.

“ಗೊತ್ತಿಲ್ಲ.”

ಅಂದವನಿಗೆ ತನ್ನ ದನಿ ತನ್ನದೆನಿಸಲಿಲ್ಲ. ಎಲೆಯ ಮುಂದೆ ಕೂತು ಆ ಹುಡುಗನೂ ಹೀಗೇ ಅಂದಿದ್ದ. ತಗ್ಗಿದ ದನಿಯಲ್ಲಿ, ತಪ್ಪು ತನ್ನದೇ ಎಂಬಂತೆ. ಮುದ್ದೀರಯ್ಯನ ಮುಖ ಕೆಂಪೇರಿತು. ಕಾಂಪೌಂಡರು ತಲೆ ಎತ್ತಿ ಏನಾದರೂ ಅಂದಾನೆಂದು ಹೆದರಿ ನಿಂತ.

ಕಾಂಪೌಂಡರು ತಲೆ ಎತ್ತದೆ ಅದನ್ನೇ ಬರೆದುಕೊಂಡ. “ಗಟ್ಟಿಯಾಗಿ ಹಿಡ್ಕೊಳ್ಳಿ, ಸೂಜಿ ಚುಚ್ತಾರೆ” ಅಂದ.

ವಾಪಸು ಬರುವಾಗ ಬಸ್ ಡಿಪೋದ ಮುಂದೆ ಹಾಯಬೇಕು. ಅಳಿಯ ಅಲ್ಲೇ ಮೆಕ್ಯಾನಿಕ್ಕು, ಡಿಪೋದ ಹಿಂದಿನ ಬೀದಿಯಲ್ಲೇ ಮನೆ. ಕಾರ್ಡಿನಲ್ಲಿದ್ದ ವಿಳಾಸ ಮುದ್ದೀರಯ್ಯನಿಗೆ ಬಾಯಿಪಾಠವಾಗಿತ್ತು. ಬೀದಿಯ ತುದಿಯಲ್ಲಿ ನಾಯಿಯನ್ನು ಎದೆಗವಚಿಕೊಂಡು ತುಂಬ ಹೊತ್ತು ನಿಂತ. ಯಾವುದೋ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ಅದು ಮಗಳ ಮನೆಯದೋ ಅಲ್ಲವೋ. ಮುಂದಕ್ಕೆ ಒಂದು ಹೆಜ್ಜೆ ಇಟ್ಟ, ಹಿಂದಕ್ಕೆ ಎರಡಿಟ್ಟ. ಕೊನೆಗೆ ಸೇತುವೆಯ ಕಡೆ ನಡೆದ. ಇಷ್ಟು ಒಂಟಿತನ ಖಾಲಿ ಮನೆಯಲ್ಲೂ ಅವನಿಗೆ ಅನಿಸಿರಲಿಲ್ಲ.

ತಿಂಗಳೊಳಗೆ ನಾಯಿಯ ಗಾಯ ಮಾಯಿತು. ಕೂಗುವ ಹೊತ್ತಿಗೆ ಮೊದಲೇ ಬಂದು ಚಪ್ಪಡಿಯ ಪಕ್ಕ ಕೂತಿರುತ್ತಿತ್ತು. ಕೂಗು ಮುಗಿದ ಕೂಡಲೇ, ಎಲ್ಲಿಂದಲೋ ಬಂದ ಹಾಗೆ ಎದ್ದು ಬಾಲ ಆಡಿಸುತ್ತಿತ್ತು.

ಒಂದು ದಿನ ಊಟವಾದ ಮೇಲೆ ಗುರುವೇ ಮಾತು ತೆಗೆದರು.

“ನಿನ್ನ ಕೂಗಿಗೆ ಒಬ್ಬರು ಬಂದ್ರು. ಉಂಡ್ರು. ಉಪದೇಶ ಕೇಳಲಿಲ್ಲವಲ್ಲಯ್ಯ?”

ಮುದ್ದೀರಯ್ಯ ನಾಯಿಯ ತಲೆ ಸವರುತ್ತಾ ಕೂತಿದ್ದ.

“ಕೇಳೋಕೆ ಬಾಯಿ ಬರಲ್ಲ ಬುದ್ಧಿ. ನನ್ನ ಎಲೆಯಿಂದ ಇಬ್ಬರು ಹಸ್ಕೊಂಡು ಎದ್ದು ಹೋಗಿದ್ದಾರೆ.”

“ಬಂದ ದಿನವೇ ನೀನು ಅದನ್ನ ನನಗೆ ಹೇಳಿದ್ದೆ.”

“ಮೂರು ವರ್ಷದಿಂದ ಕೂಗ್ತಿದ್ದೀನಿ. ಬಾಯಲ್ಲಿ ಹೇಳಲಿಲ್ಲ, ಆದ್ರೆ ದಿನಾ ಅವರೇ ಬರಲಿ ಅಂತ ಕೂಗ್ತಿದ್ದೆ. ಬರಲಿಲ್ಲ.”

“ಯಾವ ಕಡೆ ಮುಖ ಮಾಡಿ ಕೂಗಿದೆ?”

“ಹೊಳೆ ಕಡೆ.”

“ಅವರಿರೋದು?”

“ಪೇಟೇಲಿ. ಡಿಪೋ ಹಿಂದಿನ ಬೀದೀಲಿ.”

“ಅಲ್ಲೀವರೆಗೂ ಕೇಳಿಸುತ್ತಾ?”

ಮುದ್ದೀರಯ್ಯ ಇಲ್ಲವೆಂದು ತಲೆ ಅಲ್ಲಾಡಿಸಿದ. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲೂ ಇಲ್ಲ.

“ನಾನು ಬೈದು ಕಳಿಸಿದ ಹುಡುಗ ಬುದ್ಧಿ. ನನ್ನ ಮುಖಕ್ಕೇ ಬಾಗಿಲು ಹಾಕಿದ್ರೆ?”

“ಈ ನಾಯಿಗೆ ಎಷ್ಟು ಕಲ್ಲು ಹೊಡೆದೆ?”

“ಎರಡು ದಿನ ಹೊಡೆದೆ.”

“ಮೂರನೇ ದಿನ ಅದು ಬರಲಿಲ್ವಾ?”

ನಾಯಿ ತಲೆ ಎತ್ತಿ ಇಬ್ಬರನ್ನೂ ನೋಡಿತು.

ಮರುದಿನ ಬೆಳಿಗ್ಗೆ ಮುದ್ದೀರಯ್ಯ ಸೂರಿನಿಂದ ಮೂರು ಕಾರ್ಡು ಇಳಿಸಿ, ಧೂಳು ಕೊಡವಿ, ಜೇಬಿಗೆ ಹಾಕಿಕೊಂಡ. ಒಂದು ಸೇರು ಅಕ್ಕಿ ಗಂಟು ಕಟ್ಟಿದ. ಗುರುವಿನ ಕಾಲಿಗೆ ಬಿದ್ದು ಎದ್ದ.

“ಏನಂತ ಕರೀಲಿ ಬುದ್ಧಿ? ಮಾತು ಹೊಳೀತಾ ಇಲ್ಲ.”

“ಮೂರು ವರ್ಷ ಕೂಗಿದ್ದನ್ನೇ ಕೂಗು. ಅದಕ್ಕಿಂತ ದೊಡ್ಡ ಉಪದೇಶ ನನ್ನ ಹತ್ತಿರ ಇಲ್ಲ.”

ಮುದ್ದೀರಯ್ಯ ಅಂಗಳ ದಾಟಿದ. ನಾಯಿ ಹಿಂದೆಯೇ ಹೊರಟಿತು. ಅವನು ನಿಂತ. ತಿರುಗಿ ನೋಡಿದರೆ ಜಗಲಿಯ ಮೇಲೆ ಗುರು ಒಬ್ಬರೇ. ಅವರ ಹಿಂದೆ ಬಾಗಿಲು, ಬಾಗಿಲ ಹಿಂದೆ ಖಾಲಿ ಪಡಸಾಲೆ. ತಾನು ಬರುವ ಮೊದಲು ಹನ್ನೊಂದು ವರ್ಷ ಈ ಮುದುಕರು ಒಬ್ಬರೇ ಆ ಕಲ್ಲಿನ ಮೇಲೆ ನಿಂತು ಕೂಗಿದ್ದರೆಂಬುದು ಅವನಿಗೆ ಈಗ ನೆನಪಾಯಿತು.

“ಬುದ್ಧಿ, ಮಧ್ಯಾಹ್ನಕ್ಕೆ ಇಲ್ಲಿ ಯಾರು ಕೂಗ್ತಾರೆ?”

“ನಾನೇ ಕೂಗ್ತೀನಿ” ಎಂದರು ಗುರು. “ನಾಯಿನ ಬಿಟ್ಟು ಹೋಗಪ್ಪ. ಕೂಗಿದ್ರೆ ಬರೋಕೆ ನನಗೂ ಒಬ್ಬರು ಬೇಕಲ್ಲ.”